24 ವೋಲ್ಟಿನ ಬೋಟಿನಲ್ಲಿ ಬ್ಯಾಟರಿ ಒಂದೇ ರಾತ್ರಿಗೆ ಇಳಿಯುತ್ತಿದೆ, ಹೊಸದು ಹಾಕಿದರೂ ಅದೇ ಕಥೆ

ಮಲ್ಪೆ ಟ್ರಾಲ್‌ಬೋಟ್:

ಎಲ್ಲರಿಗೂ ನಮಸ್ಕಾರ. ನಮ್ಮದು ಮಲ್ಪೆ ಬಂದರಿನಿಂದ ಆಳಸಮುದ್ರ ಮೀನುಗಾರಿಕೆಗೆ ಹೋಗುವ ಟ್ರಾಲ್ ಬೋಟ್. ಎಂಜಿನಿನ ಸೆಲ್ಫ್ (ಎಂಜಿನ್ ಚಾಲೂ ಮಾಡುವ ಮೋಟಾರ್) 24 ವೋಲ್ಟಿನದಾದ್ದರಿಂದ 12 ವೋಲ್ಟಿನ, 150 ಆಂಪಿಯರ್-ಅವರ್ ಸಾಮರ್ಥ್ಯದ ಎರಡು ಬ್ಯಾಟರಿಗಳನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಪ್ಲಸ್ ಇನ್ನೊಂದರ ಮೈನಸ್ಸಿಗೆ ಸೇರುವಂತೆ, ಜೋಡಿಸಿದ್ದೇವೆ. ಹಗಲಿಡೀ ಎಂಜಿನ್ ಓಡಿರುತ್ತದೆ. ರಾತ್ರಿ ಲಂಗರು ಹಾಕಿ ಎಂಜಿನ್ ನಿಲ್ಲಿಸಿದ ಮೇಲೆ ವೈರ್‌ಲೆಸ್, ಜಿಪಿಎಸ್, ಎಐಎಸ್ (ಬೋಟಿನ ಸ್ಥಾನವನ್ನು ಸುತ್ತಲಿನ ಹಡಗುಗಳಿಗೆ ತಿಳಿಸುವ ಸಾಧನ) ಮತ್ತು ಒಂದೆರಡು ಎಲ್‌ಇಡಿ ದೀಪಗಳು ಮಾತ್ರ ಉರಿಯುತ್ತವೆ. ಆದರೂ ಬೆಳಗಾಗುವಷ್ಟರಲ್ಲಿ ಸೆಲ್ಫ್ ಹೊಡೆಯುವುದಿಲ್ಲ, 'ಟಕ್' ಎಂಬ ಸದ್ದಷ್ಟೇ ಬರುತ್ತದೆ. ಆಮೇಲೆ ಹತ್ತಿರದ ಬೋಟನ್ನು ವೈರ್‌ಲೆಸ್‌ನಲ್ಲಿ ಕರೆದು, ಅವರ ಬ್ಯಾಟರಿಯನ್ನು ಅಲೆಯ ನಡುವೆ ನಮ್ಮ ಬೋಟಿಗೆ ದಾಟಿಸಿಕೊಳ್ಳಬೇಕು. ಅದು ಎಷ್ಟು ಅಪಾಯದ ಕೆಲಸವೆಂದು ಕಡಲಿಗೆ ಹೋಗುವವರಿಗೆ ಹೇಳಬೇಕಾಗಿಲ್ಲ.

ಕಳೆದ ಋತುವಿನಲ್ಲಿ ಇದೇ ತೊಂದರೆ ಬಂದಾಗ ಅಂಗಡಿಯವರು ಒಂದು ಬ್ಯಾಟರಿ ಕೆಟ್ಟಿದೆ, ಇನ್ನೊಂದು ಪರವಾಗಿಲ್ಲ ಎಂದಿದ್ದರು. ನಾವು ಎರಡನ್ನೂ ಬದಲಾಯಿಸಿ ಈ ಋತುವಿಗೆ ಹೊಸ ಜೋಡಿ ಹಾಕಿದೆವು. ಮೊದಮೊದಲು ಚೆನ್ನಾಗಿತ್ತು, ಈಗ ಮತ್ತೆ ಅದೇ ಸ್ಥಿತಿ. ಎಂಜಿನ್ ಓಡುವಾಗ ಮೀಟರ್ 28 ವೋಲ್ಟ್ ತೋರಿಸುತ್ತದೆ, ಆದ್ದರಿಂದ ಡೈನಮೊ ಸರಿಯಿದೆ ಎಂದುಕೊಂಡಿದ್ದೇವೆ. ಇನ್ನೊಂದು ವಿಷಯ, ಸಂಬಂಧವಿದೆಯೋ ಇಲ್ಲವೋ: ಎರಡರಲ್ಲಿ ಒಂದಕ್ಕೆ ಮಾತ್ರ ಪದೇ ಪದೇ ಡಿಸ್ಟಿಲ್ಡ್ ವಾಟರ್ ಹಾಕಬೇಕಾಗುತ್ತಿದೆ. ಕಾರಣ ಏನಿರಬಹುದು?

ಕೋಡಿಕನ್ಯಾನ:

150 ಸಾಲದು, 180 ಅಥವಾ 200ರದ್ದು ಹಾಕಿ. ಈಗಿನ ಬೋಟುಗಳಲ್ಲಿ ವಿದ್ಯುತ್ ಸಾಮಾನು ಹೆಚ್ಚಾಗಿದೆ. ಕ್ಯಾಬಿನ್ ಮೇಲೆ ಒಂದು ಸೋಲಾರ್ ಪ್ಯಾನೆಲ್ ಕೂಡ ಕೂರಿಸಿದರೆ ನಿಶ್ಚಿಂತೆ.

ಗಂಗೊಳ್ಳಿ ಎಲೆಕ್ಟ್ರಿಷಿಯನ್:

ದೊಡ್ಡ ಬ್ಯಾಟರಿ ಹಾಕುವ ಮೊದಲು ಅಳತೆ ತೆಗೆಯುವುದು ಒಳ್ಳೆಯದು. ಚಾರ್ಜ್ ಎಲ್ಲಿ ಹೋಗುತ್ತಿದೆ ಎಂಬುದು ತಿಳಿಯದೆ ಸಾಮರ್ಥ್ಯ ಹೆಚ್ಚಿಸಿದರೆ ತೊಂದರೆ ಕೆಲವು ವಾರ ಮುಂದಕ್ಕೆ ಹೋಗುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ.

ಮೊದಲು ಸೋರಿಕೆ ಇದೆಯೇ ನೋಡಿ. ಬೋಟ್ ಧಕ್ಕೆಯಲ್ಲಿರುವಾಗ ಎಂಜಿನ್ ನಿಲ್ಲಿಸಿ, ಮೇನ್ ಸ್ವಿಚ್ ಆಫ್ ಮಾಡಿ, ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ, ಟರ್ಮಿನಲ್ಲಿಗೂ ಕೇಬಲ್ಲಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿಟ್ಟು ಓದಿ. ಮೀಟರ್ ಹೀಗೆ ಜೋಡಿಸಿರುವಾಗ ಯಾರೂ ಸೆಲ್ಫ್ ಮುಟ್ಟಕೂಡದು. ಸೆಲ್ಫ್ ಎಳೆಯುವುದು ನೂರಾರು ಆಂಪಿಯರ್, ಮೀಟರಿನ ಫ್ಯೂಸ್ ಆ ಕ್ಷಣವೇ ಹೋಗುತ್ತದೆ. 0.05 ಆಂಪಿಯರಿಗಿಂತ ಕಡಿಮೆ ಬಂದರೆ ಒಂದು ರಾತ್ರಿಯ ಮಟ್ಟಿಗೆ ಚಿಂತಿಸುವಂಥದ್ದಲ್ಲ. ಅದಕ್ಕಿಂತ ಹೆಚ್ಚಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತ ಹೋಗಿ; ಯಾವುದನ್ನು ತೆಗೆದಾಗ ಅಂಕಿ ಇಳಿಯಿತೋ ಆ ದಾರಿಯಲ್ಲಿ ಹುಡುಕಬೇಕು. ಎಲ್ಲ ಫ್ಯೂಸ್ ತೆಗೆದ ಮೇಲೂ ಇಳಿಯದಿದ್ದರೆ ಆಲ್ಟರ್ನೇಟರಿನ (ತಾವು ಡೈನಮೊ ಎಂದದ್ದು) ದಪ್ಪ ವೈರನ್ನು ಬಿಚ್ಚಿ ನೋಡಿ. ಒಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಕೆಟ್ಟಿದ್ದರೆ ನಿಂತ ಎಂಜಿನಿನಲ್ಲೂ ಅದರ ಮೂಲಕ ಕರೆಂಟ್ ಹರಿಯುತ್ತಲೇ ಇರುತ್ತದೆ. ಬೋಟಿನ ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಬಿಲ್ಜ್ ಪಂಪಿನ ತೇಲು ಸ್ವಿಚ್ಚನ್ನೂ ಮರೆಯಬೇಡಿ. ಅನೇಕ ಬೋಟುಗಳಲ್ಲಿ ಅದನ್ನು ಮೇನ್ ಸ್ವಿಚ್ಚಿನ ಹಿಂದಿನಿಂದ, ಅಂದರೆ ಸ್ವಿಚ್ ಆಫ್ ಆದರೂ ಕರೆಂಟ್ ಸಿಗುವಂತೆ, ಬ್ಯಾಟರಿಗೆ ನೇರವಾಗಿ ಜೋಡಿಸಿರುತ್ತಾರೆ, ಅದು ಸರಿಯೂ ಹೌದು. ಆದರೆ ಬಲೆಯ ಚೂರೋ ಡೀಸೆಲ್ ಜಿಡ್ಡೋ ಸಿಕ್ಕಿಕೊಂಡು ತೇಲು ಮೇಲೆಯೇ ನಿಂತರೆ ನೀರಿಲ್ಲದಿದ್ದರೂ ಪಂಪ್ ಓಡುತ್ತಿರುತ್ತದೆ.

ಎರಡನೆಯದು, ಬ್ಯಾಟರಿಯ ಮುಚ್ಚಳದ ಮೇಲ್ಮೈ. ವೋಲ್ಟ್ ಮೀಟರಿನ ಕೆಂಪು ಕಡ್ಡಿಯನ್ನು ಪ್ಲಸ್ ಟರ್ಮಿನಲ್ಲಿಗೆ ಒತ್ತಿ ಹಿಡಿದು, ಕಪ್ಪು ಕಡ್ಡಿಯ ತುದಿಯನ್ನು ಪ್ಲಾಸ್ಟಿಕ್ ಮುಚ್ಚಳದ ಮೇಲೆ ಮೆಲ್ಲಗೆ ಎಳೆಯಿರಿ. ಒಣಗಿದ ಪ್ಲಾಸ್ಟಿಕ್ ಆಗಿದ್ದರೆ ಏನೂ ತೋರಿಸಬಾರದು. ಉಪ್ಪುನೀರಿನ ಪಸೆಯೂ ಆಸಿಡ್ ತುಂತುರೂ ಸೇರಿ ಪೊರೆ ಕಟ್ಟಿದ್ದರೆ ಒಂದೆರಡು ವೋಲ್ಟ್ ಕಾಣುತ್ತದೆ. ಅಂದರೆ ಆ ಪೊರೆಯೇ ಎರಡು ಟರ್ಮಿನಲ್ಲುಗಳ ನಡುವೆ ವೈರಿನಂತೆ ಕೆಲಸ ಮಾಡುತ್ತಿದೆ. ಅಡುಗೆ ಸೋಡ ಕಲಸಿದ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ, ಸಿಹಿನೀರಿನಲ್ಲಿ ಮತ್ತೊಮ್ಮೆ ಒರೆಸಿ ಒಣಗಿಸಿ. ಸೋಡ ನೀರು ಸೆಲ್ಲುಗಳೊಳಗೆ ಇಳಿಯಬಾರದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ತಾವು ಬರೆದಿರುವುದು ಒಟ್ಟು ವೋಲ್ಟೇಜ್ ಮಾತ್ರ. ಪ್ರತಿ ಬ್ಯಾಟರಿಯ ವೋಲ್ಟೇಜನ್ನು ಪ್ರತ್ಯೇಕವಾಗಿ, ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲೊಮ್ಮೆ, ಸೆಲ್ಫ್ ಹೊಡೆಯುವಾಗಲೊಮ್ಮೆ, ಎಂಜಿನ್ ಓಡುವಾಗಲೊಮ್ಮೆ ಬರೆದುಕೊಂಡು ತಿಳಿಸಿ. ವೈರ್‌ಲೆಸ್ ಮತ್ತು ಜಿಪಿಎಸ್‌ಗೆ 12 ವೋಲ್ಟ್ ಎಲ್ಲಿಂದ ಬರುತ್ತಿದೆ ಎಂಬುದನ್ನೂ ವೈರ್ ಹಿಡಿದು ನೋಡಿ.

ನಿವೃತ್ತ ಎಂಜಿನಿಯರ್, ಮಂಗಳೂರು:

ಮೇಲಿನ ಸಲಹೆಗೆ ಸೇರಿಸಲು ಒಂದಿಷ್ಟಿದೆ. ಕ್ಯಾಬಿನ್ ಮೀಟರಿನ 28 ವೋಲ್ಟನ್ನು ನಂಬಿ ಆಲ್ಟರ್ನೇಟರ್ ಸರಿಯಿದೆ ಎಂದು ತೀರ್ಮಾನಿಸಬಾರದು. ಎಂಜಿನ್ ಓಡುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ಪ್ಲಸ್ ಬೋಲ್ಟಿಗೂ ಇನ್ನೊಂದನ್ನು ಬ್ಯಾಟರಿ ಜೋಡಿಯ ಪ್ಲಸ್ ಕಂಬಕ್ಕೂ ಇಟ್ಟು ನೋಡಿ, ಅದೇ ರೀತಿ ಮೈನಸ್ ಕಡೆಯಲ್ಲೂ ನೋಡಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ನಡುವಿನ ಕೇಬಲ್ಲೋ ಅದರ ತುದಿಗೆ ಕೂರಿಸಿದ ಲೋಹದ ಲಗ್ಗೋ ಕಿಲುಬು ಹಿಡಿದಿದೆ ಎಂದರ್ಥ. ಹೊರಗೆ ಚೆನ್ನಾಗಿ ಕಾಣುವ ಕೇಬಲ್ಲಿನ ರಬ್ಬರನ್ನು ಲಗ್ಗಿನ ಬುಡದಲ್ಲಿ ಒಂದಿಂಚು ಸೀಳಿದರೆ, ಒಳಗಿನ ತಾಮ್ರದ ಎಳೆಗಳು ಕಪ್ಪಾಗಿ ಬೆರಳಲ್ಲಿ ಪುಡಿಯಾಗುವುದನ್ನು ಬಂದರಿನಲ್ಲಿ ಕೆಲಸ ಮಾಡಿದವರೆಲ್ಲ ನೋಡಿದ್ದಾರೆ. ತವರ ಲೇಪಿಸಿದ ತಾಮ್ರದ ಕೇಬಲ್ ಬೆಲೆ ಹೆಚ್ಚಾದರೂ ಕಡಲಿಗೆ ಅದೇ ತಕ್ಕದ್ದು.

ಎಂಜಿನ್ ಓಡುವಾಗ ಬ್ಯಾಟರಿ ಕೇಬಲ್ ಬಿಚ್ಚಿ ಡೈನಮೊ ಪರೀಕ್ಷಿಸುವ ಹಳೆಯ ಪದ್ಧತಿಯೊಂದಿದೆ. ದಯವಿಟ್ಟು ಅದನ್ನು ಮಾಡಬೇಡಿ. ವೋಲ್ಟೇಜ್ ಒಮ್ಮೆಲೆ ಏರಿ ಡಯೋಡುಗಳ ಜೊತೆಗೆ ವೈರ್‌ಲೆಸ್ಸೂ ಹೋಗಬಹುದು. ಮಿಗಿಲಾಗಿ, ಚಾರ್ಜ್ ಆಗುತ್ತಿರುವ ಬ್ಯಾಟರಿಯ ಸುತ್ತ ಹೈಡ್ರೋಜನ್ ಇರುತ್ತದೆ. ಮುಚ್ಚಿದ ಎಂಜಿನ್ ಕೋಣೆಯಲ್ಲಿ ಒಂದು ಕಿಡಿ ಸಾಕು.

ಮಲ್ಪೆ ಟ್ರಾಲ್‌ಬೋಟ್:

ತಾವು ಹೇಳಿದಂತೆ ಎಲ್ಲವನ್ನೂ ಅಳೆದಿದ್ದೇವೆ. ಮೇನ್ ಸ್ವಿಚ್ ಆಫ್ ಇದ್ದಾಗ 0.03 ಆಂಪಿಯರ್ ಮಾತ್ರ. ತೇಲು ಸ್ವಿಚ್ ಸರಿಯಾಗಿ ಏರಿಳಿಯುತ್ತಿದೆ. ಆಲ್ಟರ್ನೇಟರಿನಿಂದ ಬ್ಯಾಟರಿವರೆಗೆ ಪ್ಲಸ್ ಕಡೆ 0.2, ಮೈನಸ್ ಕಡೆ 0.1 ವೋಲ್ಟ್. ಒಂದು ಬ್ಯಾಟರಿಯ ಮುಚ್ಚಳ ಒದ್ದೆಯಾಗಿ ಅಂಟಂಟಾಗಿತ್ತು. ಒರೆಸಿದ ಮೇಲೆ ಅಲ್ಲಿ ಏನೂ ತೋರಿಸುತ್ತಿಲ್ಲ.

ಮೈನಸ್ ಕೇಬಲ್ ಎಂಜಿನಿಗೆ ಹೋಗುವ ಬ್ಯಾಟರಿಯನ್ನು ಒಂದನೆಯದು, ಪ್ಲಸ್ ಕೇಬಲ್ ಸೆಲ್ಫಿಗೆ ಹೋಗುವುದನ್ನು ಎರಡನೆಯದು ಎಂದು ಇಟ್ಟುಕೊಂಡರೆ ಲೆಕ್ಕ ಹೀಗಿದೆ. ಬೆಳಿಗ್ಗೆ ಎಲ್ಲವನ್ನೂ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ ಒಂದನೆಯದು 11.82, ಎರಡನೆಯದು 12.68, ಒಟ್ಟು 24.5. ಸೆಲ್ಫ್ ಒತ್ತಿದಾಗ ಎರಡನೆಯದು 10.9ಕ್ಕೆ ಇಳಿದು ನಿಲ್ಲುತ್ತದೆ, ಒಂದನೆಯದು 6ಕ್ಕಿಂತ ಕೆಳಗೆ ಕುಸಿಯುತ್ತದೆ. ಎಂಜಿನ್ ಓಡುವಾಗ ಒಂದನೆಯದು 12.9, ಎರಡನೆಯದು 15.2, ಒಟ್ಟು 28.1. ಆಸಿಡ್ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ (ಚಾರ್ಜ್ ಹೆಚ್ಚಿದಷ್ಟೂ ಅಂಕಿ ಹೆಚ್ಚು) ಒಂದನೆಯದರ ಆರೂ ಸೆಲ್ಲುಗಳು 1.130ರ ಆಸುಪಾಸು, ಎರಡನೆಯದರವು 1.270. ನೀರು ಪದೇ ಪದೇ ಕಡಿಮೆಯಾಗುವುದು, ಮುಚ್ಚಳ ಒದ್ದೆಯಾಗಿದ್ದುದು ಎರಡನೆಯದರಲ್ಲೇ.

12 ವೋಲ್ಟಿನ ಬಗ್ಗೆ ಕೇಳಿದ್ದಿರಿ. ಒಂದನೆಯ ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿನಿಂದ, ಅಂದರೆ ಎರಡೂ ಬ್ಯಾಟರಿಗಳನ್ನು ಜೋಡಿಸುವ ತುಂಡು ಕೇಬಲ್ಲಿನ ಬುಡದಿಂದ, ಒಂದು ಕೆಂಪು ವೈರ್ ಕ್ಯಾಬಿನಿಗೆ ಹೋಗಿದೆ. ವೈರ್‌ಲೆಸ್, ಜಿಪಿಎಸ್, ಮೀನು ಹುಡುಕುವ ಫಿಶ್ ಫೈಂಡರ್, ಎಐಎಸ್, ಕ್ಯಾಬಿನ್ ದೀಪ, ಮೊಬೈಲ್ ಚಾರ್ಜರ್ ಎಲ್ಲವೂ ಅದರಲ್ಲೇ ಇವೆ. ಬೋಟ್ ಕಟ್ಟಿದಾಗಿನಿಂದಲೂ ಹೀಗೆಯೇ ಇದೆ ಎಂದು ತಾಂಡೇಲರು (ಬೋಟ್ ನಡೆಸುವವರು) ಹೇಳುತ್ತಾರೆ.

ಗಂಗೊಳ್ಳಿ ಎಲೆಕ್ಟ್ರಿಷಿಯನ್:

ಕಾರಣ ಆ ಕೆಂಪು ವೈರೇ. ತಮ್ಮ ಬ್ಯಾಟರಿಯಲ್ಲಿ ದೋಷವಿಲ್ಲ, ಆಲ್ಟರ್ನೇಟರಿನಲ್ಲಿಯೂ ಇಲ್ಲ, ಇದ್ದದ್ದು ಜೋಡಣೆಯಲ್ಲಿ. ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಕರಾವಳಿಯ 24 ವೋಲ್ಟಿನ ಬೋಟುಗಳಲ್ಲಿ ಇದು ಸಾಮಾನ್ಯವಾಗಿ ಕಾಣುವ ಜೋಡಣೆ.

ಸೀರೀಸ್‌ನಲ್ಲಿರುವ ಎರಡು ಬ್ಯಾಟರಿಗಳಿಗೆ ಆಲ್ಟರ್ನೇಟರಿನಿಂದ ಬರುವ ಚಾರ್ಜಿಂಗ್ ಕರೆಂಟ್ ಒಂದೇ. ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಕೊಡುವ ಉಪಾಯ ಅದಕ್ಕಿಲ್ಲ. ಆದರೆ ಖರ್ಚು ಸಮನಾಗಿಲ್ಲ. ವೈರ್‌ಲೆಸ್ ಸುಮ್ಮನೆ ಆನ್ ಇದ್ದಾಗ ಅರ್ಧ ಆಂಪಿಯರಿನಷ್ಟು, ಮಾತನಾಡುವಾಗ ಐದಾರು ಆಂಪಿಯರ್. ಜಿಪಿಎಸ್, ಫಿಶ್ ಫೈಂಡರ್, ಎಐಎಸ್, ದೀಪ, ಚಾರ್ಜರ್ ಸೇರಿದರೆ ಒಟ್ಟು ನಾಲ್ಕೂವರೆ ಆಂಪಿಯರ್ ಎಂದು ಹಿಡಿಯೋಣ. ಹತ್ತು ಗಂಟೆಯ ರಾತ್ರಿಯಲ್ಲಿ ಇದು 45 ಆಂಪಿಯರ್-ಅವರ್, ಅಷ್ಟೂ ಒಂದನೆಯದರಿಂದಲೇ ಹೋಗುತ್ತದೆ. ಎರಡನೆಯದು ರಾತ್ರಿಯಿಡೀ ಹೆಚ್ಚುಕಡಿಮೆ ಸುಮ್ಮನಿರುತ್ತದೆ.

ಬೆಳಿಗ್ಗೆ ಎಂಜಿನ್ ಓಡತೊಡಗಿದ ಕೂಡಲೇ ಎರಡಕ್ಕೂ ಒಂದೇ ಕರೆಂಟ್ ಹರಿಯುತ್ತದೆ. ಎರಡನೆಯದು ಮೊದಲೇ ತುಂಬಿರುವುದರಿಂದ ಅದರ ವೋಲ್ಟೇಜ್ ಬೇಗನೆ 15 ದಾಟುತ್ತದೆ. ಆಲ್ಟರ್ನೇಟರಿನ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ನೋಡುವುದು ಒಟ್ಟು ಮೊತ್ತವನ್ನು ಮಾತ್ರ. 28 ಆಯಿತೆಂದರೆ ಬ್ಯಾಟರಿ ತುಂಬಿತೆಂದು ತಿಳಿದು ಕರೆಂಟ್ ತಗ್ಗಿಸುತ್ತದೆ. ಹಾಗೆ ತಗ್ಗಿದ ಕರೆಂಟಿನಲ್ಲಿಯೂ ಹಗಲಿನ 12 ವೋಲ್ಟ್ ಖರ್ಚನ್ನು ಕಳೆದು ಉಳಿದದ್ದೇ ಒಂದನೆಯದರ ಪಾಲು. ಹೀಗಾಗಿ ದಿನವಿಡೀ ಎಂಜಿನ್ ಓಡಿದರೂ ಅದು ತುಂಬುವುದಿಲ್ಲ, ಅತ್ತ ಎರಡನೆಯದು ಅತಿಯಾಗಿ ಚಾರ್ಜಾಗಿ ಕುದಿದು ನೀರು ಕಳೆದುಕೊಳ್ಳುತ್ತದೆ. ತಾವು 'ಸಂಬಂಧವಿದೆಯೋ ಇಲ್ಲವೋ' ಎಂದು ಬರೆದಿದ್ದ ಸಂಗತಿಯೇ ಮುಖ್ಯ ಸುಳಿವಾಗಿತ್ತು.

ಅರೆಹೊಟ್ಟೆಯಲ್ಲಿ ಬಹುಕಾಲ ಇರುವ ಲೆಡ್ ಆಸಿಡ್ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆ ಮೇಲೆ ಚಾರ್ಜ್ ಕೊಟ್ಟರೂ ಅದು ಪೂರ್ತಿ ಕರಗುವುದಿಲ್ಲ. ಸಾಮಾನ್ಯ ಸೆಲ್ಫ್ ಬ್ಯಾಟರಿಗಳ ಪ್ಲೇಟುಗಳು ತೆಳುವಾಗಿದ್ದು, ಕ್ಷಣಕಾಲ ದೊಡ್ಡ ಕರೆಂಟ್ ಕೊಡಲೆಂದು ಮಾಡಿದಂಥವು. ದಿನವೂ ಆಳಕ್ಕೆ ಇಳಿದು ಏರುವ ಕೆಲಸ ಅವುಗಳಿಗೆ ಒಗ್ಗುವುದಿಲ್ಲ. ಕಳೆದ ಋತುವಿನ ಜೋಡಿಯಲ್ಲಿ ಒಂದು ಕೆಟ್ಟು ಇನ್ನೊಂದು 'ಪರವಾಗಿಲ್ಲ' ಎನಿಸಿಕೊಂಡದ್ದು ಈ ಕಾರಣಕ್ಕೇ ಇರಬೇಕು.

24.5 ಎಂಬ ಮೊತ್ತ ಹೇಗೆ ದಾರಿ ತಪ್ಪಿಸಿತು ನೋಡಿ. ಎರಡಕ್ಕೂ ಸಮನಾಗಿ ಹಂಚಿದ್ದರೆ ತಲಾ 12.25 ಆಗುತ್ತಿತ್ತು, ಅದು ಅರ್ಧಕ್ಕಿಂತ ತುಸು ಹೆಚ್ಚು ಚಾರ್ಜ್, ಸೆಲ್ಫ್ ತಿರುಗಲು ಸಾಕು. ಆದರೆ ಸುಮಾರು 12.7 ಎಂದರೆ ತುಂಬಿದ್ದು, 11.8 ಎಂದರೆ ಬಹುತೇಕ ಬರಿದು. ಸೆಲ್ಫಿಗೆ ಹೋಗುವ ಕರೆಂಟ್ ಎರಡರ ಮೂಲಕವೂ ಹಾಯಬೇಕಾದ್ದರಿಂದ ಬರಿದಾದದ್ದು ಕೈಬಿಟ್ಟರೆ ತುಂಬಿದ್ದು ಇದ್ದೂ ಉಪಯೋಗವಿಲ್ಲ.

ಪರಿಹಾರ: ನಡುವಿನ ಆ ಕೆಂಪು ವೈರನ್ನು ಬಿಚ್ಚಿ, 24ರಿಂದ 12 ವೋಲ್ಟಿಗೆ ಇಳಿಸುವ ಡಿಸಿ ಕನ್ವರ್ಟರನ್ನು ಎರಡೂ ಬ್ಯಾಟರಿಗಳ ತುದಿಗಳಿಂದ ಜೋಡಿಸಬೇಕು. ವೈರ್‌ಲೆಸ್ ಮಾತನಾಡುವಾಗಿನ ಕರೆಂಟನ್ನೂ ಸೇರಿಸಿ 15ರಿಂದ 20 ಆಂಪಿಯರಿನದ್ದು ತೆಗೆದುಕೊಂಡರೆ ಬಿಸಿಯಾಗದೆ ನಡೆಯುತ್ತದೆ. ಆಗ 12 ವೋಲ್ಟಿನ ನಾಲ್ಕೂವರೆ ಆಂಪಿಯರಿಗೆ 24 ವೋಲ್ಟಿನ ಕಡೆಯಿಂದ ಎರಡೂವರೆಯಿಂದ ಎರಡು ಮುಕ್ಕಾಲು ಆಂಪಿಯರ್ ಸಾಕು, ಅದೂ ಎರಡೂ ಬ್ಯಾಟರಿಗಳಿಂದ ಸಮನಾಗಿ. ರಾತ್ರಿಯ ಖರ್ಚು ಒಂದರಿಂದ 45 ಹೋಗುವ ಬದಲು ತಲಾ 26ರ ಸುಮಾರಿಗೆ ಇಳಿಯುತ್ತದೆ.

ಅದಕ್ಕೂ ಮೊದಲು ಒಂದನೆಯ ಬ್ಯಾಟರಿಯನ್ನು ದಡಕ್ಕೆ ತಂದು 12 ವೋಲ್ಟಿನ ಚಾರ್ಜರಿನಲ್ಲಿ 15 ಆಂಪಿಯರ್ ಮೀರದಂತೆ ಚಾರ್ಜ್ ಮಾಡಿಸಿ. ಗಂಟೆಗೊಮ್ಮೆ ಹೈಡ್ರೋಮೀಟರ್ ನೋಡುತ್ತ, ಸತತ ಮೂರು ಓದುಗಳು ಏರದೆ ಒಂದೇ ಆಗಿದ್ದರೆ ಅದರ ಮಿತಿ ಅಷ್ಟೇ. ಆರೂ ಸೆಲ್ಲುಗಳು 1.250 ದಾಟಿದರೆ ಉಳಿಸಿಕೊಳ್ಳಿ. ಏರದಿದ್ದರೆ ಬದಲಾಯಿಸಲೇಬೇಕು.

ಭಟ್ಕಳ ಬೋಟ್ ಮಾಲೀಕ:

ನಮ್ಮಲ್ಲಿಯೂ ಇದೇ ಜೋಡಣೆ ಇದೆ. ನಾವು ತಿಂಗಳಿಗೊಮ್ಮೆ ಎರಡು ಬ್ಯಾಟರಿಗಳ ಸ್ಥಾನವನ್ನು ಅದಲು ಬದಲು ಮಾಡುತ್ತೇವೆ. ಖರ್ಚಿಲ್ಲದೆ ಕೆಲಸ ನಡೆಯುತ್ತಿದೆ. ಕನ್ವರ್ಟರ್ ಅಗತ್ಯವೇ?

ಗಂಗೊಳ್ಳಿ ಎಲೆಕ್ಟ್ರಿಷಿಯನ್:

ಅದಲು ಬದಲು ಮಾಡಿದರೆ ಒಂದೇ ಬ್ಯಾಟರಿ ಪೂರ್ತಿ ಹಾಳಾಗುವ ಬದಲು ಎರಡೂ ಸರದಿಯ ಮೇಲೆ ಹಾಳಾಗುತ್ತವೆ. ಒಂದು ತಿಂಗಳು ಅರೆಹೊಟ್ಟೆ, ಇನ್ನೊಂದು ತಿಂಗಳು ಅಜೀರ್ಣ. ಎರಡೂ ಪ್ಲೇಟಿಗೆ ಒಳ್ಳೆಯದಲ್ಲ. 12 ವೋಲ್ಟಿನ ಖರ್ಚು ಬರಿಯ ಒಂದು ವೈರ್‌ಲೆಸ್ ಆಗಿದ್ದ ಕಾಲದಲ್ಲಿ ಈ ಉಪಾಯ ನಡೆಯುತ್ತಿತ್ತು. ಈಗ ಫಿಶ್ ಫೈಂಡರ್, ಎಐಎಸ್, ಎಲ್ಲರ ಮೊಬೈಲುಗಳು ಸೇರಿರುವಾಗ ನಡೆಯದು. ಒಂದು ಬ್ಯಾಟರಿಯ ಬೆಲೆಗಿಂತ ಸಾಧಾರಣ ಕನ್ವರ್ಟರಿನ ಬೆಲೆ ಬಹಳ ಕಡಿಮೆ.

ಕಾರವಾರ ಮೆರೈನ್:

ಕೆಲವರು ಜಾಣತನದಿಂದ ಅರ್ಧ ಸಾಮಾನುಗಳನ್ನು ಒಂದನೆಯ ಬ್ಯಾಟರಿಗೂ ಇನ್ನರ್ಧವನ್ನು ಎರಡನೆಯದಕ್ಕೂ ಹಂಚುತ್ತಾರೆ. ಓದುವವರು ಇದನ್ನು ಖಂಡಿತ ಮಾಡಬಾರದು. ಎರಡನೆಯ ಬ್ಯಾಟರಿಯ ಮೈನಸ್ ಎಂದರೆ ಎಂಜಿನಿನ ಮೈಗಿಂತ 12 ವೋಲ್ಟ್ ಮೇಲಿರುವ ಬಿಂದು. ವೈರ್‌ಲೆಸ್ಸಿನ ಆಂಟೆನಾ ಕೇಬಲ್ಲಿನ ಹೊರಜಾಲರಿ ಸೆಟ್ಟಿನ ಮೈನಸ್ಸಿಗೆ ಸೇರಿರುತ್ತದೆ; ಸ್ಟೀಲ್ ಬೋಟಿನಲ್ಲಿ ಆ ಜಾಲರಿಯೋ ಆಂಟೆನಾದ ಬುಡವೋ ಕಬ್ಬಿಣಕ್ಕೆ ತಗಲಿದರೆ ಒಂದನೆಯ ಬ್ಯಾಟರಿ ನೇರವಾಗಿ ಶಾರ್ಟ್ ಆಗುತ್ತದೆ. ಆ ದಾರಿಯಲ್ಲಿ ಫ್ಯೂಸ್ ಇಲ್ಲದಿದ್ದರೆ ಕೇಬಲ್ ಹೊತ್ತಿಕೊಳ್ಳುತ್ತದೆ.

ಕನ್ವರ್ಟರಿನ ಬಗ್ಗೆ ಒಂದು ಎಚ್ಚರಿಕೆ. ತೀರ ಅಗ್ಗದವುಗಳು ರೇಡಿಯೊ ಗದ್ದಲ ಹೊರಡಿಸುತ್ತವೆ. 16ನೆಯ ಚಾನೆಲ್‌ನಲ್ಲಿ ಸ್ಕ್ವೆಲ್ಚ್ (ಗದ್ದಲ ತಡೆಯುವ ಗುಂಡಿ) ಎಷ್ಟು ತಿರುಗಿಸಿದರೂ ಬುಸುಗುಡುತ್ತಿದ್ದರೆ, ಕನ್ವರ್ಟರನ್ನು ಕ್ಷಣ ಆಫ್ ಮಾಡಿ ಸೆಟ್ಟನ್ನು ಬೇರೆ ಬ್ಯಾಟರಿಯಲ್ಲಿ ನಡೆಸಿ ನೋಡಿ. ಅಪಾಯದ ಕರೆ ಕೇಳಬೇಕಾದ ಚಾನೆಲ್ ಅದೇ ಆದ್ದರಿಂದ ಇದನ್ನು ಹಗುರವಾಗಿ ಕಾಣುವಂತಿಲ್ಲ. ಕನ್ವರ್ಟರನ್ನು ವೈರ್‌ಲೆಸ್ಸಿನಿಂದಲೂ ಆಂಟೆನಾ ಕೇಬಲ್ಲಿನಿಂದಲೂ ದೂರ, ಎಂಜಿನಿನ ಬಿಸಿ ತಾಗದ ಕಡೆ ಕೂರಿಸಿ.

ಹೊನ್ನಾವರ ಪ್ರವಾಸಿ ದೋಣಿ:

ನಮ್ಮದು ಶರಾವತಿ ಹಿನ್ನೀರಿನಲ್ಲಿ ಓಡುವ ಸಣ್ಣ ದೋಣಿ, ಔಟ್‌ಬೋರ್ಡ್ ಎಂಜಿನ್, 12 ವೋಲ್ಟಿನ ಒಂದೇ ಬ್ಯಾಟರಿ. ಒಂದು ವಾರ ನಿಂತರೆ ಇಳಿದುಹೋಗುತ್ತದೆ. ನಮಗೂ ಇದೇ ಕಾರಣವಿರಬಹುದೇ?

ನಿವೃತ್ತ ಎಂಜಿನಿಯರ್, ಮಂಗಳೂರು:

ತಮ್ಮಲ್ಲಿ ಒಂದೇ ಬ್ಯಾಟರಿ ಇರುವುದರಿಂದ ಈ ಅಸಮತೋಲನ ಸಾಧ್ಯವಿಲ್ಲ. ವಾರ ನಿಂತು ಇಳಿಯುತ್ತದೆಂದರೆ ಮೇಲೆ ಹೇಳಿದ ಸೋರಿಕೆ ಪರೀಕ್ಷೆಯಿಂದಲೇ ಆರಂಭಿಸಿ. ಸಂಗೀತದ ಸೆಟ್ಟಿನ ನೆನಪಿನ ವೈರ್ (ಸೆಟ್ ಆಫ್ ಇದ್ದರೂ ಅದರ ನೆನಪು ಉಳಿಸಲು ಕರೆಂಟ್ ಎಳೆಯುವುದು) ಮತ್ತು ತೇಲು ಸ್ವಿಚ್ ನನ್ನ ಮೊದಲ ಅನುಮಾನ. ಸಣ್ಣ ಸವಾರಿಗಳಲ್ಲಿ ನಿಧಾನವಾಗಿ ಓಡಿಸಿದರೆ ಔಟ್‌ಬೋರ್ಡ್ ಹೆಚ್ಚು ಚಾರ್ಜ್ ಕೊಡುವುದಿಲ್ಲ ಎಂಬುದೂ ನೆನಪಿರಲಿ. ಒಂದು ಸಣ್ಣ ಸೋಲಾರ್ ಪ್ಯಾನೆಲ್, ಚಾರ್ಜ್ ಕಂಟ್ರೋಲರ್ ಸಹಿತ, ನಿಜವಾಗಿ ಉಪಯೋಗಕ್ಕೆ ಬರುವುದು ತಮ್ಮಂಥ ದೋಣಿಗೆ.

ಮಲ್ಪೆ ಟ್ರಾಲ್‌ಬೋಟ್:

ತಡವಾಗಿ ಬರೆಯುತ್ತಿದ್ದೇನೆ, ಬೋಟ್ ಕಡಲಿನಲ್ಲಿತ್ತು. ಒಂದನೆಯ ಬ್ಯಾಟರಿ ದಡದ ಚಾರ್ಜರಿನಲ್ಲಿ 1.240ರವರೆಗೆ ಏರಿ ನಿಂತಿತು. ಅಂಗಡಿಯವರು ಲೋಡ್ ಕೊಟ್ಟು ಪರೀಕ್ಷಿಸಿದಾಗ 10 ವೋಲ್ಟಿಗಿಂತ ಕೆಳಗೆ ಇಳಿಯಲಿಲ್ಲವಾದ್ದರಿಂದ ಈ ಋತುವಿಗೆ ಅದನ್ನೇ ಮುಂದುವರಿಸಿದ್ದೇವೆ. ನಡುವಿನ ವೈರ್ ತೆಗೆದು 20 ಆಂಪಿಯರಿನ ಕನ್ವರ್ಟರನ್ನು ಕ್ಯಾಬಿನಿನ ಹಿಂಬದಿಯ ಹಲಗೆಗೆ ಕೂರಿಸಿ, ಬ್ಯಾಟರಿಯ ಕಡೆ 15 ಆಂಪಿಯರಿನ ಫ್ಯೂಸ್ ಹಾಕಿದ್ದೇವೆ. ರಾತ್ರಿ ಲಂಗರು ಹಾಕಿ ಮಲಗಿ ಎದ್ದ ಮೇಲೆ ಬೆಳಿಗ್ಗೆ ಅಳೆದಾಗ ಒಂದನೆಯದು 12.38, ಎರಡನೆಯದು 12.46. ಎಂಜಿನ್ ಓಡುವಾಗ 14.0 ಮತ್ತು 14.2. ಸೆಲ್ಫ್ ಒಂದೇ ಸಲಕ್ಕೆ ಹೊಡೆಯುತ್ತಿದೆ. ವೈರ್‌ಲೆಸ್ಸಿನಲ್ಲಿ ಗದ್ದಲವಿಲ್ಲ.

ಇನ್ನೊಂದು ಪ್ರಶ್ನೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಬೋಟ್ ನಿಂತಿರುತ್ತದೆ. ಆಗ ಮೇನ್ ಸ್ವಿಚ್ ಆಫ್ ಮಾಡಿಟ್ಟರೆ ಸಾಕೇ? ಸೋರಿಕೆ 0.03 ಆಂಪಿಯರ್ ಮಾತ್ರ ಇತ್ತಲ್ಲ.

ಗಂಗೊಳ್ಳಿ ಎಲೆಕ್ಟ್ರಿಷಿಯನ್:

ಸಾಕಾಗುವುದಿಲ್ಲ. ಒಂದು ರಾತ್ರಿಗೆ ಲೆಕ್ಕಕ್ಕಿಲ್ಲದ 0.03 ಆಂಪಿಯರ್, ದಿನಕ್ಕೆ 0.72 ಆಂಪಿಯರ್-ಅವರ್ ಆಗುತ್ತದೆ. 61 ದಿನಗಳಿಗೆ ಸುಮಾರು 44. ಇದಕ್ಕೆ ಬ್ಯಾಟರಿ ತನ್ನಷ್ಟಕ್ಕೆ ಇಳಿಯುವುದನ್ನೂ ಸೇರಿಸಿದರೆ ಆಗಸ್ಟ್ ಹೊತ್ತಿಗೆ ಅರ್ಧದ ಹತ್ತಿರ ಬಂದಿರುತ್ತದೆ, ಮತ್ತೆ ಸಲ್ಫೇಟ್. ಮೇನ್ ಸ್ವಿಚ್ಚಿನ ಹಿಂದೆ ಏನಾದರೂ ಜೋಡಿಸಿದ್ದರೆ ಕನ್ವರ್ಟರನ್ನು ಅಲ್ಲಿ ಸೇರಿಸಬೇಡಿ. ಹೊರೆಯಿಲ್ಲದಿದ್ದರೂ ಅದು ತನಗಾಗಿ ಸ್ವಲ್ಪ ಕರೆಂಟ್ ತಿನ್ನುತ್ತದೆ.

ನಿಷೇಧದ ಅವಧಿಗೆ ಬ್ಯಾಟರಿಗಳನ್ನು ಮೈನಸ್ ಕೇಬಲ್ ಮೊದಲು ಬಿಚ್ಚಿ ಹೊರತೆಗೆದು, ಪೂರ್ತಿ ಚಾರ್ಜ್ ಮಾಡಿ, ಮಳೆ ನೀರು ಬೀಳದ, ಗಾಳಿಯಾಡುವ ಕಡೆ ಇಟ್ಟು, ತಿಂಗಳಿಗೊಮ್ಮೆ ಚಾರ್ಜ್ ಕೊಡಿ. ನೀರು ಹಾಕುವುದಿದ್ದರೆ ಚಾರ್ಜ್ ಆದ ಮೇಲೆ ಹಾಕಿ. ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ಉಕ್ಕಿ ಆಸಿಡ್ ಹೊರಚೆಲ್ಲುತ್ತದೆ. ಪ್ಲೇಟುಗಳು ಬರಿದಾಗಿ ಕಂಡರೆ ಮಾತ್ರ ಮೊದಲು ಅವು ಮುಳುಗುವಷ್ಟು ಹಾಕಬೇಕು. ಬಿಲ್ಜ್ ಪಂಪಿಗೆ ಮಳೆಗಾಲದಲ್ಲಿ ಬ್ಯಾಟರಿ ಬೇಕೇ ಬೇಕು, ಅದಕ್ಕೆ ಕಳೆದ ಋತುವಿನಲ್ಲಿ 'ಪರವಾಗಿಲ್ಲ' ಎಂದ ಹಳೆಯ ಬ್ಯಾಟರಿ ಇನ್ನೂ ತಮ್ಮ ಬಳಿ ಇದ್ದರೆ ಅದನ್ನೇ ಬಳಸಬಹುದು. ತಮ್ಮ ಪಂಪ್ 24 ವೋಲ್ಟಿನದ್ದೋ 12 ವೋಲ್ಟಿನದ್ದೋ ಎಂಬುದನ್ನು ಅದರ ಮೇಲಿನ ಚೀಟಿ ನೋಡಿ ಖಚಿತಪಡಿಸಿಕೊಳ್ಳಿ.

ಮಲ್ಪೆ ಟ್ರಾಲ್‌ಬೋಟ್:

12 ವೋಲ್ಟಿನದ್ದೇ. ಹಳೆಯದನ್ನು ಗುಜರಿಗೆ ಕೊಟ್ಟಿಲ್ಲ, ಚಾರ್ಜಿಗೆ ಹಾಕಿಸುತ್ತೇನೆ. ಎಲ್ಲರಿಗೂ ಧನ್ಯವಾದಗಳು.